ಹಗ್ಗ ಹಿಡಿದವರ ಹಗೆ

ನಮ್ಮ ಪಕ್ಕದ ಮನೆಯ ತಾತನ ಬಲಗೈಯಲ್ಲಿ ಮೊಣಕೈವರೆಗೂ ಸುಟ್ಟ ಕಲೆಗಳಿದ್ದವು. ಕಬ್ಬಿಣದ ತೊಲೆ ಜೋಡಿಸುವ ಕಾದ ರಿವೆಟ್ಟಿನ ಕಿಡಿ ಹಾರಿ ಆದವು. ಹರೆಯದಲ್ಲಿ ಅವರೂ ಅವರಣ್ಣನೂ ನಮ್ಮೂರು ನಗರಗೆರೆಯಿಂದ ಕರಾವಳಿಗೆ ಹೋಗಿ, ಬಂದರಿನ ಹತ್ತಿರ ಹೊಳೆಗೆ ರೈಲು ಸೇತುವೆ ಕಟ್ಟುವ ಕೆಲಸಕ್ಕೆ ಸೇರಿದ್ದರು. ಹಿಂತಿರುಗಿದ್ದು ತಾತ ಒಬ್ಬರೇ.

ಅವರದು ಮಾತು ಕಮ್ಮಿ. ಸುತ್ತಿಗೆಯ ಸದ್ದಿಗೆ ಒಂದು ಕಿವಿ ಹೋಗಿತ್ತು. ಬೇಡದ ಮಾತು ಬಂದರೆ ಆ ಕಿವಿಯನ್ನೇ ತಿರುಗಿಸಿ ಕೂರುತ್ತಿದ್ದರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಲು ಸೇರಿದ ಮೇಲೆ, ಒಂದು ದಿನ ಜಗಲಿಗೆ ಕರೆದು ಸೇತುವೆಯ ಕಥೆ ಹೇಳಿದರು. ಮಳೆಗಾಲ. ಮೇಲಿಂದ ನೆರೆ, ಕೆಳಗಿಂದ ಸಮುದ್ರದ ಉಬ್ಬರ. ನಾಲ್ಕನೇ ಕಂಬಕ್ಕೆ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರುವೆ ಅಲ್ಲಾಡುತ್ತಿದೆ ಎಂದು ಅಣ್ಣ ಹೇಳಿದರೂ, ಕಾಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಗದರಿಸಿ ಅಣ್ಣನನ್ನು ಅದರ ಮೇಲೇ ಇಳಿಸಿದ. ಸಾರುವೆ ಕೊಚ್ಚಿಹೋಯಿತು. ಅಣ್ಣನ ಹೆಣವೂ ಸಿಗಲಿಲ್ಲ. "ಕುಡಿದು ಬಿದ್ದ" ಎಂದು ಸೂಪರ್‌ವೈಸರ್ ಬರೆದುಕೊಟ್ಟ.

"ನಮ್ಮಣ್ಣ ಹೆಂಡದ ವಾಸನೆಗೇ ವಾಂತಿ ಮಾಡ್ಕೊಳ್ಳೋನು ಕಣಮ್ಮ."

ಆ ಸೂಪರ್‌ವೈಸರ್ ಆಮೇಲೆ ತಾನೇ ದೊಡ್ಡ ಕಾಂಟ್ರಾಕ್ಟರ್ ಆಗಿ ಹೆಸರು ಮಾಡಿದ್ದರು. ನಾನು ಊರಿಗೆ ಹೋದಾಗಲೆಲ್ಲ ತಾತನದು ಒಂದೇ ಪ್ರಶ್ನೆ: "ಫೋನಲ್ಲಿ ನೋಡಮ್ಮ, ಅವ್ನು ಬದುಕವ್ನಾ?" ಹೂಂ ಎಂದರೆ ಮುಖ ಅರಳುತ್ತಿತ್ತು. "ಬದುಕ್ಲಿ. ನನ್ ಮಾತು ಕೇಳಿಸ್ಕೊಳ್ದೆ ಸಾಯಬಾರ್ದು." ಶನಿವಾರ ಶನಿವಾರ ಆಂಜನೇಯನ ಗುಡಿಯಲ್ಲಿ ಹಗೆಯವನ ಆಯಸ್ಸಿಗೆಂದೇ ದೀಪ ಹಚ್ಚುತ್ತಿದ್ದರು.

ಕೊನೆಗೆ ಆ ಮನುಷ್ಯ ಸೇತುವೆಯ ಇತಿಹಾಸ ಬರೆದು, ಅದರ ಬಗ್ಗೆ ಮಾತಾಡಲು ಚಿಕ್ಕಬಳ್ಳಾಪುರಕ್ಕೇ ಬಂದರು. ನಾನೇ ತಾತನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. "ನಮ್ಮ ತಪ್ಪಿನಿಂದ ಒಂದು ಜೀವವೂ ಹೋಗಲಿಲ್ಲ" ಎಂದು ವೇದಿಕೆಯಿಂದ ಕೇಳಿದ್ದೇ ತಾತ ಎದ್ದು ನಿಂತರು.

"ನಾಕನೇ ಕಂಬಕ್ಕೆ ನಮ್ಮಣ್ಣನ್ನ ಇಳಿಸಿದ್ದು ಯಾರು ಸ್ವಾಮಿ?"

"ಯಾರು ನೀವು?"

"ಮೇಲೆ ಹಗ್ಗ ಹಿಡ್ಕೊಂಡಿದ್ದೋನು. ಕುಡಿದಿದ್ದ ಅಂತ ಬರೆದಿದ್ದು ಯಾರು?"

"ನಾನೇ" ಎಂಬ ಮಾತು ಮೈಕಿನಲ್ಲಿ ಕೇಳಿತು. ಅವರು ಕೋಲೂರಿ ಕೆಳಗಿಳಿದು ಬಂದು ಕೈಮುಗಿದರು. "ಕ್ಷಮಿಸಪ್ಪ. ನಂಗೂ ವಯಸ್ಸಾಯ್ತು."

"ನಿಮಗೆ ವಯಸ್ಸಾದ್ರೂ ಆಯ್ತು," ಎಂದರು ತಾತ. "ನಮ್ಮಣ್ಣಂಗೆ ಇಪ್ಪತ್ತೆರಡು." ಕೈಮುಗಿದವರನ್ನು ಹಾಗೇ ಬಿಟ್ಟು ಹೊರಗೆ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಎರಡು ಕಾಫಿ ಕುಡಿದರು.

ಹೋದ ವರ್ಷ ತಾತ ತೀರಿಕೊಂಡರು. ಸುದ್ದಿ ತಿಳಿದು ಆ ಮನುಷ್ಯ ಕಾಲೇಜಿನಿಂದ ನನ್ನ ನಂಬರ್ ಪಡೆದು ಫೋನ್ ಮಾಡಿ, ಒಂದು ಹಾರ ಹಾಕಿ ಹೋಗಲೇ ಎಂದು ಅಂಗಲಾಚಿದರು. ನನಗೆ ಬನ್ನಿ ಎನ್ನಬೇಕೆನಿಸಿತು. ಹೆಣದ ಪಕ್ಕ ಕೂತಿದ್ದ ತಾತನ ಹೆಂಡತಿ, ಅಜ್ಜಿಯನ್ನು ಕೇಳಿದೆ.

"ಬ್ಯಾಡ ಅನ್ನು," ಎಂದರು.

ಬೇಡ ಎಂದೆ. ಹೇಳುವಾಗ ದನಿ ನಡುಗಲಿಲ್ಲ. ಆ ಗಟ್ಟಿತನ ನನಗೆ ಬಂದದ್ದು ತಾತನಿಂದ.