ಬಂಡೆಯ ಬುಡದಲ್ಲಿ ಅಮಾವಾಸ್ಯೆ ಪೂಜೆ

ಹೆಗ್ಗನಹಳ್ಳಿಯ ಮನೆಯಿಂದ ಮಾಗಡಿ ರಸ್ತೆ ಹಿಡಿದು ಊರಾಚೆಯ ಕಲ್ಲು ಕ್ವಾರಿಗೆ ದಿನಾ ಹೋಗಿಬರುವ ಮ್ಯಾನೇಜರ್ ನಾನು. ನಮ್ಮಲ್ಲಿ ಪ್ರತಿ ಅಮಾವಾಸ್ಯೆ ಕೆಲಸ ನಿಲ್ಲಿಸಿ, ಬಂಡೆಯ ಬುಡದಲ್ಲೇ ಡ್ರಿಲ್ಲಿಂಗ್ ಮೆಷಿನ್ನಿಗೆ ಹಾರ ಹಾಕಿ, ಬೂದುಗುಂಬಳ ಒಡೆಯುತ್ತೇವೆ. ದೇವರ ಮುಂದೆ ಬೂಟು, ಹೆಲ್ಮೆಟ್ ಹಾಕಿಕೊಂಡು ನಿಲ್ಲುವುದುಂಟೇ? ಎಲ್ಲ ತೆಗೆದಿಟ್ಟೇ ಕೈ ಮುಗಿಯುವುದು.

ಒಂದು ಅಮಾವಾಸ್ಯೆ, ಸರಿಯಾಗಿ ಮಂಗಳಾರತಿ ಹೊತ್ತಿಗೆ ಗಣಿ ಸುರಕ್ಷತೆಯ ಇನ್‌ಸ್ಪೆಕ್ಟರ್ ಬಂದರು. ಹೊಸಬರು. ಮೊಬೈಲಿನಲ್ಲಿ ಫೋಟೊ ತೆಗೆದು, 'ಹೆಲ್ಮೆಟ್, ಬೂಟು ಇಲ್ಲದೆ ಕೆಲಸ' ಎಂದು ನೋಟಿಸ್ ಕೊಟ್ಟು, ಕ್ವಾರಿ ನಿಲ್ಲಿಸಿಯೇ ಹೋದರು. ಪ್ರಸಾದವನ್ನೂ ಮುಟ್ಟಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ದಿನಗೂಲಿಯವರು ಅದೆಷ್ಟು ದಿನ ಕೈಕಟ್ಟಿ ಕೂರಬೇಕು?

"ಸರ್ಕಾರದೋರ ಹತ್ರ ವಾದ ಬೇಡ ಕಣಪ್ಪಾ, ತಪ್ಪಾಯ್ತು ಅಂತ ಬರ್ಕೊಟ್ಬಿಡು," ಎಂದರು ಮಾಲೀಕರು.

ಮಾಡದ ತಪ್ಪನ್ನು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. ಮೇಲಧಿಕಾರಿಗೆ ಅಪೀಲು ಹಾಕಿದೆ. ವಿಚಾರಣೆಯ ದಿನ ಇನ್‌ಸ್ಪೆಕ್ಟರ್ ತೆಗೆದಿದ್ದ ಫೋಟೊವನ್ನೇ ಹಿಡಿದು ವಾದಕ್ಕೆ ನಿಂತೆ.

"ನೋಡಿ ಸಾರ್, ಮೆಷಿನ್ನಿಗೆ ಹಾರ ಹಾಕಿದೀವಿ. ಎಲ್ರೂ ಕಣ್ಮುಚ್ಕೊಂಡು ಕೈ ಮುಗೀತಾ ಇದೀವಿ. ಹಿಂಗೆ ಯಾರಾದ್ರೂ ಕಲ್ಲು ಒಡೀತಾರಾ?"

ಆ ಹಿರಿಯ ಅಧಿಕಾರಿ ನಕ್ಕುಬಿಟ್ಟರು. "ಕೆಲಸ ನಡೀತಿರ್ಲಿಲ್ಲ, ಒಪ್ಕೊಂಡೆ," ಎಂದು ಅಲ್ಲೇ ನೋಟಿಸ್ ರದ್ದು ಮಾಡಿದರು. ಗೆದ್ದೆನೆಂದು ನಾನು ಮೀಸೆ ತಿರುವುವಷ್ಟರಲ್ಲಿ ಫೋಟೊವನ್ನು ನನ್ನ ಕಡೆ ತಿರುಗಿಸಿದರು. ನಮ್ಮ ಬರಿತಲೆಗಳ ಮೇಲೆ, ಬಿರುಕು ಬಿಟ್ಟ ಕಲ್ಲೊಂದು ಮುಂದಕ್ಕೆ ಚಾಚಿಕೊಂಡಿತ್ತು. ಅದರ ಮೇಲೆ ಬೆರಳಿಟ್ಟರು.

"ಅವತ್ತು ಪೂಜೆ ಅಂತ ನಿಮಗೆ ಗೊತ್ತು. ಇದಕ್ಕೆ ಗೊತ್ತಾ, ಮ್ಯಾನೇಜರ್ರೇ?"

ಅಷ್ಟು ವರ್ಷ ಅದರ ಕೆಳಗೆ ಕಣ್ಣುಮುಚ್ಚಿ ನಿಂತವನು ನಾನೇ. ಕಡತ ಮುಚ್ಚಿ ನನ್ನನ್ನು ಕಳಿಸಿಬಿಡುವುದು ಅವರಿಗೆ ಕಷ್ಟವಿರಲಿಲ್ಲ. ಹಾಗೆ ಮಾಡಲಿಲ್ಲವಲ್ಲ, ಅದಕ್ಕೆ ನಾನು ಇಂದಿಗೂ ಅವರಿಗೆ ಋಣಿ. ಪ್ರಸಾದ ಮುಟ್ಟದ ಆ ಇನ್‌ಸ್ಪೆಕ್ಟರಿಗೂ ಋಣಿಯೇ. ಬರೆದದ್ದು ತಪ್ಪಾದರೂ ಫೋಟೊ ತೆಗೆದಿದ್ದರಲ್ಲ! ಈಗ ನಮ್ಮ ಪೂಜೆ ಕ್ವಾರಿ ಗುಂಡಿಯ ಹೊರಗೆ, ಬಯಲಿನಲ್ಲಿ.

ವಿಚಾರಣೆಯ ಮಾರನೆಯ ದಿನ ಕೆಲಸ ಶುರುಮಾಡುವ ಮೊದಲು, ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಮೇಲಿನಿಂದ ಆ ಕಲ್ಲನ್ನು ಕೆಡವಲು ಹೋದೆವು. ಸೊಂಟಕ್ಕೆ ಹಗ್ಗ ಬಿಗಿದುಕೊಂಡಿದ್ದ ಡ್ರಿಲ್ಲರ್ ಹಾರೆಯ ತುದಿ ತಾಗಿಸಿದನಷ್ಟೆ, ಇನ್ನೂ ಮೀಟಿರಲಿಲ್ಲ. ಕಲ್ಲು ಕಿತ್ತುಕೊಂಡು, ಪೂಜೆಗೆ ನಾವೆಲ್ಲ ಸಾಲಾಗಿ ನಿಂತಿದ್ದ ಜಾಗಕ್ಕೇ ಹೋಗಿ ಬಿತ್ತು.

ಧೂಳು ಇಳಿದ ಮೇಲೆ ಡ್ರಿಲ್ಲರ್ ನನ್ನ ಕಡೆ ತಿರುಗಿ, "ನೀವು ಅಪೀಲು ಹಾಕಿದ್ದು ಒಳ್ಳೇದಾಯ್ತು ಸಾರ್," ಎಂದ.