ಕುಸುಬಿ ಎಣ್ಣೆಯ ನಕಾಶೆ

ಹೋದ ವಾರ ಹಳೆ ಹೊಲಿಗೆ ಯಂತ್ರದ ಡ್ರಾಯರ್ ಎಳೆದಾಗ ಕುಸುಬಿ ಎಣ್ಣೆಯ ಕಮಟು ವಾಸನೆ ಮೂಗಿಗೆ ಬಡಿಯಿತು. ಯಂತ್ರಕ್ಕೆ ನಾನು ಎಂದೂ ಕುಸುಬಿ ಎಣ್ಣೆ ಹಾಕಿದವನಲ್ಲ. ಗುಂಡಿ, ದಾರದ ಉಂಡೆಗಳ ಕೆಳಗೆ ಮಡಿಚಿದ ಹಳದಿ ಕಾಗದವೊಂದು ಇತ್ತು. ಬಿಚ್ಚುವ ಮೊದಲೇ ನಗು ಬಂತು... ಮಾಸ್ತರ ನಕಾಶೆ.

ಎಪ್ಪತ್ತರ ದಶಕ ಮುಗಿಯುತ್ತಿತ್ತು. ನಾನು ಅಕ್ಕಿಆಲೂರಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೆ. ಪಕ್ಕದ ಮನೆಯಲ್ಲಿ ನಿವೃತ್ತರಾದ ಮಾಸ್ತರು ಇದ್ದರು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಯ ಅಕ್ಷತೆ ಇನ್ನೂ ಹಸಿ ಇರುವಾಗಲೇ ನನ್ನ ಅಂಗಡಿಯ ಕಟ್ಟೆಗೆ ಬಂದು ಕೂಡುತ್ತಿದ್ದರು. ಇಪ್ಪತ್ತೆಂಟನೇ ವಯಸ್ಸಿಗೆ ನಾನು ಹತ್ತನೇ ಇಯತ್ತೆಯ ಪರೀಕ್ಷೆ ಕಟ್ಟಿದ್ದೆ. ಟೇಪು ಹಿಡಿದ ಕೈ, ಗಣಿತ ಹೇಗೋ ನಡೆಯಿತು. ಭೂಗೋಳ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

"ನಕಾಶಿ ನೋಡಿದ್ರ ಕಣ್ಣಿಗೆ ಕತ್ತಲಿ ಬರ್ತೈತ್ರಿ ಮಾಸ್ತರ," ಅಂದೆ ಒಂದು ದಿನ.

"ಮೊದ್ಲ ನಿಮ್ಮೂರು ನೋಡೋ. ಆಮ್ಯಾಲ ಆಫ್ರಿಕಾ ನೋಡೋಣಂತ," ಅಂದರು.

ನಮ್ಮೂರು ಅಲ್ಲಿಂದ ಎರಡು ಮೈಲಿ. ಅದರ ಬ್ರಿಟಿಷರ ಕಾಲದ ನಕಾಶೆ, ಅರಿವೆಗೆ ಅಂಟಿಸಿದ್ದು, ಹಾನಗಲ್ಲಿನ ತಾಲೂಕು ಕಚೇರಿಯಲ್ಲಿತ್ತು. ನೋಡಬಹುದು, ಒಯ್ಯುವಂತಿಲ್ಲ. ಮಾಸ್ತರು ತೆಳು ಕಾಗದಕ್ಕೆ ಕುಸುಬಿ ಎಣ್ಣೆ ಸವರಿ, ಮೂರು ದಿನ ಒಣಗಿಸಿ, ಗಾಜಿನ ಹಾಗೆ ಮಾಡಿಕೊಂಡು ಬಂದಿದ್ದರು. ಅದನ್ನು ನಕಾಶೆಯ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದೆವು. ನಮ್ಮೂರೇ ಅಲ್ಲವೇ ಎಂದು ಹೆಸರು ಬರೆಯಲಿಲ್ಲ. ಕಾಗದ ಸಣ್ಣದು, ಕೆರೆ ಅದರೊಳಗೆ ಹಿಡಿಯಲಿಲ್ಲ.

ಕಚೇರಿಯ ಆ ಹಳೆ ನಕಾಶೆಯಲ್ಲಿ ಕಂಡ ಊರೇ ಬೇರೆ! ಶಾಲೆ ಇರುವಲ್ಲಿ ಮಾವಿನ ತೋಪು. ಗಿರಣಿ ಇರುವಲ್ಲಿ ದನ ಮೇಯುವ ಬಯಲು. ನಮ್ಮ ಕೇರಿ ಗುಡಿಯ ಹತ್ತಿರವೇ ಇತ್ತು. ಪ್ಲೇಗಿಗೆ ಹೆದರಿ ಹೊಲ ಸೇರಿದ್ದ ನಮ್ಮ ಹಿರಿಯರು ಮರಳಿ ಬಂದಾಗ ದೂರ ಸರಿದು ಮನೆ ಕಟ್ಟಿಕೊಂಡರಂತೆ. ನನ್ನ ಕಣ್ಣು ನಿಂತದ್ದು ಗುಡಿಯ ಮಗ್ಗುಲಿಗಿದ್ದ ಜೋಡಿ ಚುಕ್ಕೆಗೆರೆಯ ಮೇಲೆ. ಕೆರೆಗೆ ಹೋಗುವ, ಈಗ ಮುಚ್ಚಿಹೋದ ಬಂಡಿ ದಾರಿ! ನಮ್ಮವ್ವ, ಕೇರಿಯ ಹೆಂಗಸರೆಲ್ಲ ಕೊಡ ಹೊತ್ತು ಊರನ್ನೇ ಸುತ್ತಿ ಬರುತ್ತಿದ್ದರು. ಆ ದಾರಿ ಸಿಕ್ಕರೆ ಅರ್ಧ ನಡಿಗೆ ಉಳಿಯುತ್ತಿತ್ತು.

ಕಾಗದ ತೋರಿಸಿದಾಗ ಊರ ಹಿರಿಯರು, "ಆ ದಾರಿದು ಒಂದ ಗಡಿಗಲ್ಲು ತೋರಿಸ್ರಿ, ದಾರಿ ಬಿಡಿಸ್ತೇವಿ," ಅಂದರು.

ಗುಡಿಯಿಂದ ಅಳೆದುಕೊಂಡು ಹೊರಟೆವು. ಅಳತೆ ನಮ್ಮನ್ನು ಒಬ್ಬ ಒಕ್ಕಲಿಗನ ತಿಪ್ಪೆಗೆ ತಂದು ನಿಲ್ಲಿಸಿತು. ಅಗೆದೆ. ಮೊಣಕಾಲುದ್ದ ಇಳಿದರೂ ಕಲ್ಲಿಲ್ಲ. ಮಾಸ್ತರು ಧೋತರ ಎತ್ತಿ ಕಟ್ಟಿಕೊಂಡು ತಾವೂ ಬುಟ್ಟಿ ಎಳೆದರು. ತಿಪ್ಪೆಯ ಯಜಮಾನ ಕೈಕಟ್ಟಿ ನಿಂತು ನಗುತ್ತಿದ್ದ.

"ಏನ್ರೀ ಮಾಸ್ತರ, ದಾರಿ ಸಿಕ್ತೋ, ಗೊಬ್ಬರ ಸಿಕ್ತೋ?"

ಸುತ್ತ ನಿಂತವರೂ ನಕ್ಕರು. ನನಗೆ ಅವ್ವನ ಮುಖ ನೋಡಲಾಗಲಿಲ್ಲ.

ಅಷ್ಟರಲ್ಲಿ ಯಜಮಾನನ ಮುದಿ ತಾಯಿ ಕೋಲೂರುತ್ತ ಬಂದಳು. ಮಾಸ್ತರು ಕಾಗದ ತೋರಿಸಿದರು. "ಇದು ಗುಡಿ ಯವ್ವಾ. ಕೆಳಗ ಈ ಕಡೆ ಕೆರಿ. ಇದು ಹಳೇ ಬಂಡಿ ದಾರಿ. ಇಲ್ಲೇ ಇರಬೇಕದ."

"ಸುಳ್ಳರಿ," ಅಂದಳು. "ನಾ ಮದಿವ್ಯಾಗಿ ಕೆರಿ ಕಡಿಂದ ಬಂಡ್ಯಾಗ ಬಂದಾಕಿ. ಗುಡಿ ನನ್ನ ಎಡಕ್ಕಿತ್ತು. ನಿಮ್ಮದ್ರಾಗ ಬಲಕ್ಕ ಐತಿ."

ಓದು ಬಾರದ ಆ ಮುದುಕಿ ಕಾಗದ ಕಿತ್ತುಕೊಂಡು ಹಿಂದುಮುಂದು ತಿರುವಿದಳು. ಗೆರೆಗಳು ಆ ಕಡೆಯಿಂದಲೂ ಅಷ್ಟೇ ಚೆನ್ನಾಗಿ ಕಂಡವು, ಗುಡಿ ಮಾತ್ರ ಈಗ ಎಡಕ್ಕೆ ಬಂದಿತ್ತು. ಆಮೇಲೆ ನನ್ನನ್ನು ನೋಡಿ, "ಕುಬಸ ಒಳಮಗ್ಗಲ ಹೊರಗ ಮಾಡಿ ತೊಟ್ಟಂಗ ಆಗೇತಲ್ಲೋ! ಹೊಲಿಯಾಂವ ಆಗಿ ನಿನಗರ ತಿಳೀಬಾರದೇನ?" ಅಂದಳು.

ಮಾಸ್ತರು ಕಾಗದ ಇಸಿದುಕೊಂಡು ತಾವೂ ತಿರುವಿ ನೋಡಿದರು. ಆಮೇಲೆ ತಿಪ್ಪೆಯ ದಂಡೆಗೇ ಕುಂತು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂವತ್ತ ವರ್ಷ ಭೂಗೋಳ ಕಲಿಸೀನಿ ಯವ್ವಾ. ಇವತ್ತ ಕಲತೆ!"

"ಇಷ್ಟ ದಿನ ಯಾಕ ಹೇಳ್ಲಿಲ್ರಿ ಆಯಿ?" ಎಂದು ಕೇಳಿದೆ.

"ಯಾರರ ಕೇಳಿದ್ರೇನ?"

ಗುಡಿಯ ಆಚೆ ಮಗ್ಗುಲಿಗೆ ಅಳೆದೆವು. ಅಲ್ಲಿ ನಿಂತಿದ್ದದ್ದು ಅವಳ ಮಗನದೇ ಮೇವಿನ ಬಣವೆ. ಅವನ ನಗು ಈಗ ನಿಂತಿತ್ತು. "ಅವ್ವಾ, ನೀ ಸುಮ್ಕಿರು," ಅಂದ.

"ನಾ ಬಂದ ದಾರಿ ಅದು. ಅದು ಇಲ್ಲಂದ್ರ ನೀನೂ ಇಲ್ಲ. ಬಣವಿ ತಗಿ!"

ಊರೇ ಕೈಹಾಕಿ ಬಣವೆ ಸರಿಸಿತು. ಮೊಳದ ಆಳದಲ್ಲಿ ಗುದ್ದಲಿ ಟಣ್ಣೆಂದಿತು. ನಮ್ಮವ್ವ ಕಲ್ಲಿನ ಮೇಲೆ ಒಂದು ಕೊಡ ನೀರು ಸುರುವಿ, ಮಣ್ಣು ತೊಳೆದು, ಅರಿಸಿನ ಹಚ್ಚಿದಳು. ಮರುದಿನ ಕೇರಿಯ ಹೆಂಗಸರು ಅದೇ ದಾರಿಯಿಂದ ನೀರು ತಂದರು. ಮೊದಲ ಕೊಡ ಆ ಮುದುಕಿಯ ಹಂಡೆಗೆ.

ಆ ವರ್ಷ ಭೂಗೋಳದಲ್ಲಿ ಪಾಸಾದೆ. ಪೇಡೆ ಒಯ್ದಾಗ ಮಾಸ್ತರು ಈ ಕಾಗದ ಕೊಟ್ಟರು. ಮೂಲೆಯಲ್ಲಿ ಪೆನ್ಸಿಲ್ ಒತ್ತಿ ಬರೆದಿದ್ದರು: "ಈ ಮಗ್ಗಲಿನಿಂದ ನೋಡತಕ್ಕದ್ದು."

ಮುದುಕಿ ಹೋದಳು, ಅವ್ವ ಹೋದಳು. ಮಾಸ್ತರು ಹೋಗಿಯೂ ಎಷ್ಟೋ ವರ್ಷವಾಯಿತು... ದಾರಿಗೆ ಈಗ ಡಾಂಬರು ಬಿದ್ದಿದೆ, ಮನೆಮನೆಗೆ ನಲ್ಲಿ ಬಂದಿದೆ. ಅಲ್ಲಿ ಕೊಡ ಹೊತ್ತವರು ಯಾರೂ ಇಲ್ಲ, ಸೈಕಲ್ ಮೇಲೆ ಶಾಲೆಗೆ ಹೋಗುವ ಹುಡುಗಿಯರಿದ್ದಾರೆ.

ಕಾಗದವನ್ನು ಮೆಲ್ಲಗೆ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಮೂಲೆಯ ಅಕ್ಷರಗಳು ತಿರುಗುಮುರುಗಾಗಿ ಕಂಡವು. ಮತ್ತೆ ತಪ್ಪು ಮಗ್ಗುಲೇ ಹಿಡಿದಿದ್ದೆ. ಜೊತೆಗೆ ನಗಲು ಕಟ್ಟೆಯ ಮೇಲೆ ಮಾಸ್ತರಿಲ್ಲ. ನಾನೊಬ್ಬನೇ ನಕ್ಕು, ತಿರುವಿ ಹಿಡಿದೆ.