ಗುಡಿಸಿದ ಹಳ್ಳದ ದಂಡೆ

ಗಂಗಾಂಬಿಕಾ ಗುಳೇದಗುಡ್ಡದವಳು. ಮನೆಗೆ ಯಾರಾದರೂ ಬರುತ್ತಾರೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಅವಳ ಕೈ ಕಸಬರಿಗೆಯನ್ನು ಹುಡುಕುತ್ತಿತ್ತು. ಬರುವವರು ಬೀಗರಿರಲಿ, ಗ್ಯಾಸ್ ಸಿಲಿಂಡರ್ ತರುವವನಿರಲಿ, ಅಂಗಳ ಕನ್ನಡಿಯಂತೆ ಹೊಳೆಯಬೇಕು. “ನಿನ್ನ ಕೈಯಾಗ ಸಿಕ್ಕರ ದೇವರೂ ಒಂದ್ ಸುತ್ತ ಸವೀತಾನ” ಎಂದು ಗಂಡ ನಗುತ್ತಿದ್ದ.

ಗಂಡ ತೀರಿಕೊಂಡ ಮೇಲೆ, ಕೊರೊನಾ ಇಳಿದು ವಿಮಾನಗಳು ಮತ್ತೆ ಹಾರಾಡತೊಡಗಿದ ವರ್ಷ, ಮಗಳು ಸೌಮ್ಯಾ ಅವಳನ್ನು ಅಮೆರಿಕದ ಮಾರಿಸ್‌ವಿಲ್‌ಗೆ ಕರೆಸಿಕೊಂಡಳು. ಅಲ್ಲಿ ಗುಡಿಸುವುದಕ್ಕೆ ಏನೂ ಇರಲಿಲ್ಲ. ತಟ್ಟೆಯಂಥ ಯಂತ್ರವೊಂದು ಮನೆಯೆಲ್ಲ ತಾನೇ ತಿರುಗಾಡಿ, ಧೂಳು ನುಂಗಿ, ಮೂಲೆಗೆ ಹೋಗಿ ಮಲಗುತ್ತಿತ್ತು. ಗಂಗಾಂಬಿಕಾ ಅದನ್ನು ಸವತಿಯನ್ನು ನೋಡಿದಂತೆ ನೋಡುತ್ತಿದ್ದಳು.

ಆ ಊರಿನಲ್ಲಿ ಕೊತ್ತಂಬರಿ ಬೇಕೆಂದರೂ ಕಾರು, ದೇವರಿಗೆ ಕೈಮುಗಿಯಬೇಕೆಂದರೂ ಕಾರು. ಕಾರು ಬೇಕೆಂದರೆ ಮಗಳ ಮೀಟಿಂಗ್ ಮುಗಿಯಬೇಕು. ಯಾರನ್ನೂ ಕಾಯದೆ ಹೋಗಬಹುದಾದ ಜಾಗ ಒಂದೇ: ಟೌನ್‌ಹೌಸ್ ಎಂಬ ಸಾಲುಮನೆಗಳ ಹಿಂದಿನ ಹಳ್ಳದ ದಂಡೆಯ ಕಾಲುದಾರಿ. ದಿನಾ ಸಂಜೆ ಅವಳು, ಧಾರವಾಡದ ಬಸವ್ವ, ಬೀದರಿನ ಶಾಂತಾಬಾಯಿ, ಮೂವರೂ ಸೀರೆಯ ಮೇಲೆ ಮಗನದೋ ಅಳಿಯನದೋ ಜಾಕೆಟ್ ಏರಿಸಿಕೊಂಡು ಅಲ್ಲಿ ನಡೆಯುತ್ತಿದ್ದರು. ಸೊಸೆಯರ ವಿಚಾರ, ಮೊಣಕಾಲಿನ ವಿಚಾರ ಎಲ್ಲ ಅಲ್ಲೇ ಇತ್ಯರ್ಥವಾಗುತ್ತಿತ್ತು.

ಒಂದು ದೊಡ್ಡ ಮಳೆಗೆ ದಂಡೆ ಕುಸಿದು ದಾರಿಯ ಅಂಚು ಹಳ್ಳಕ್ಕೆ ಬಿತ್ತು. ಕಾಲೊನಿಯವರು ಬೋರ್ಡು ನೆಟ್ಟರು: ದುರಸ್ತಿಯಾಗದಿದ್ದರೆ ಬೇಸಿಗೆಯಿಂದ ದಾರಿ ಬಂದ್. ಆ ರಾತ್ರಿ ಗಂಗಾಂಬಿಕಾ ಊಟ ಬಿಟ್ಟಳು. “ಆ ದಾರೀನೂ ಹೋದ್ರ ನಾ ಈ ಮನ್ಯಾಗ ಏನ್ ಸೋಫಾದ ದಿಂಬೇನ?” ಎಂದಳು.

ಅಳಿಯ ಕಲ್ಮೇಶ ಒಳ್ಳೆಯವನು. ಆದರೆ ಇಂಜಿನಿಯರು. ಸಲಿಕೆ ಹಿಡಿದರೆ ಮುಗಿಯುವ ಕೆಲಸಕ್ಕೂ ಮೊದಲು ಕಮಿಟಿ ಬೇಕು. ಕಮಿಟಿಗೆ ತಾನೇ ಅಧ್ಯಕ್ಷನಾದ. ಪಕ್ಕದ ಸಾಲಿನ ಮೈಸೂರಿನ ಮೈಥಿಲಿ ಕಾರ್ಯದರ್ಶಿಯಾದಳು. ನದಿತೀರದ ಕಾಡುಗಳನ್ನು ಮತ್ತೆ ಬೆಳೆಸಲು ಗ್ರಾಂಟ್ ಕೊಡುವ ಒಂದು ಪ್ರತಿಷ್ಠಾನವಿದೆ, ಅದಕ್ಕೆ ಅರ್ಜಿ ಹಾಕೋಣ ಎಂದಾಯಿತು. ದಾಟಿದರೆ ಪಾದ ಮಾತ್ರ ನೆನೆಯುವ ಹಳ್ಳ ಅರ್ಜಿಯಲ್ಲಿ ನದಿಯಾಯಿತು. ಅದರ ಪಕ್ಕದ ಗಿಡಗಂಟಿ ಅರಣ್ಯವಾಯಿತು.

ಚಹಾ ಕೊಡುತ್ತ ಗಂಗಾಂಬಿಕಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ತಿಳಿಯದಿದ್ದುದು ಒಂದೇ: ಇವರು ಹಳ್ಳವನ್ನು ಹೊಗಳುತ್ತಾರೋ ಬೈಯುತ್ತಾರೋ?

“ಕಲ್ಮೇಶ್, ಈ ಫೋಟೋಸಲ್ಲಿ ಜಾಗ ತುಂಬಾ ಚೆನ್ನಾಗ್ ಕಾಣ್ಸ್ತಿದೆ ಕಣ್ರೀ,” ಎಂದು ಮೈಥಿಲಿ ತಲೆ ಹಿಡಿದುಕೊಂಡಳು. “ಮರ ಇದೆ, ಹಕ್ಕಿ ಇದೆ. ಇಷ್ಟು ಹೆಲ್ದಿ ಆಗಿದ್ರೆ ನಮ್ಗ್ಯಾಕೆ ಗ್ರಾಂಟ್ ಕೊಡ್ತಾರೆ?”

“ಆ ಕಡಿಂದ ತಗೀಲೇನು? ಕುಸಿದದ್ದು ಒಂದ ಕಾಣೂಹಂಗ?”

“ತೆಗೀರಿ. ಹಕ್ಕಿ ಕ್ರಾಪ್ ಮಾಡಿ.”

ಹೆಣ್ಣಿನ ಫೋಟೋಕ್ಕೆ ಒಳ್ಳೆಯ ಬೆಳಕು ಹುಡುಕುವವರನ್ನು ಗಂಗಾಂಬಿಕಾ ಕಂಡಿದ್ದಳು. ಕೆಟ್ಟ ಬೆಳಕು ಹುಡುಕುವವರನ್ನು ಕಂಡದ್ದು ಇದೇ ಮೊದಲು. ಅರ್ಜಿಯಲ್ಲಿ ಇನ್ನೊಂದು ಜಾಗ ಖಾಲಿ ಉಳಿದಿತ್ತು: ಊರವರು ಈ ಕೆಲಸದಲ್ಲಿ ಹೇಗೆ ಕೈಜೋಡಿಸಿದ್ದಾರೆ? ಕಮಿಟಿಯವರಲ್ಲಿ ಹಳ್ಳಕ್ಕೆ ಇಳಿದವರೇ ಇರಲಿಲ್ಲ. “ಆಮೇಲೆ ನೋಡ್ಕೊಳೋಣ” ಎಂದು ಮೈಥಿಲಿ ಅರ್ಜಿ ಕಳಿಸಿದಳು.

ಕೆಲವು ವಾರಗಳ ಮೇಲೆ ಸೌಮ್ಯಾ ಊಟಕ್ಕೆ ಕೂತಾಗ ಅಂದಳು: “ಅವ್ವಾ, ಸೋಮವಾರ ಗ್ರಾಂಟಿನವರು ಜಾಗಾ ನೋಡಾಕ ಬರ್ತಾರಂತ.”

ಅಷ್ಟೇ ಸಾಕಾಯಿತು. ಶನಿವಾರ ಮಗಳು ಅಳಿಯ ಶಾರ್ಲಟ್‌ಗೆ ಮದುವೆಗೆ ಹೋದರು. ಗಂಗಾಂಬಿಕಾ ಸೆರಗು ಸಿಕ್ಕಿಸಿದಳು.

“ಬಸವ್ವಾ, ನೋಡಾಕ ಬರೂ ಮಂದಿಗೆ ಹಿಂತಾ ಹೊಲಸ ತೋರಸೂದೇನ? ಮಾನ ಹೋಗ್ತದ.”

“ಖರೇನ. ಅಲ್ಲೆ ಸತ್ತ ಮರ ಎಷ್ಟ ಬಿದ್ದಾವ! ಒಬ್ಬರಿಗರ ತಿಳೀವಲ್ದು.”

ಮೂವರೂ ದಂಡೆಗೆ ಇಳಿದರು. ವರ್ಷಗಳಿಂದ ಕೊಳೆಯುತ್ತ ಬಿದ್ದಿದ್ದ ಎಲೆಯನ್ನೆಲ್ಲ ಗೋರಿ ಕಾಗದದ ಚೀಲಗಳಿಗೆ ತುಂಬಿದರು. ಹುಳ ಹತ್ತಿದ ಕೊರಡುಗಳನ್ನು ರಸ್ತೆಯಂಚಿಗೆ ಎಳೆದರು. ಬಳ್ಳಿ ಕಿತ್ತರು, ಕುರುಚಲು ಸವರಿದರು. ಕವಲೊಡೆದ ಒಂದು ಕೊರಡಿಗೆ ಎಡವಿ ಶಾಂತಾಬಾಯಿಯ ಹೆಬ್ಬೆರಳು ಒಡೆಯಿತು. ಅವಳು ಅದಕ್ಕೆ ಬೀದರಿನ ಭಾಷೆಯಲ್ಲಿ ಮರ್ಯಾದೆ ಮಾಡಿದಳು. ಕೊನೆಗೆ ದಾರಿಯ ತುದಿಯಲ್ಲಿ ಗಂಗಾಂಬಿಕಾ ರಂಗೋಲಿ ಹಾಕಿದಳು. ಸೋಮವಾರ ನಸುಕಿನಲ್ಲಿ ಚೀಲ, ಕೊರಡು ಎಲ್ಲವನ್ನೂ ಕಸದ ಲಾರಿ ಹೊತ್ತೊಯ್ದಿತು.

ಸೋಮವಾರ ಬೆಳಿಗ್ಗೆ ಕಲ್ಮೇಶ ದಂಡೆ ನೋಡಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತ. “ಅತ್ತೀ! ಏನ್ ಮಾಡಿಬಿಟ್ರಿ ಇದು?”

“ಯಾಕ್ರೀ, ಯಾವುದರ ಮೂಲಿ ಉಳೀತೇನು?”

“ಆ ಎಲಿ, ಆ ಕೊರಡು, ಅದ ಅರಣ್ಯರೀ! ಕಪ್ಪಿ, ಹುಳ, ಹುಪ್ಪಡಿ ಎಲ್ಲಾ ಅದರಾಗ ಇರ್ತಿದ್ದುವು!”

ಹುಳಹುಪ್ಪಡಿಯನ್ನು ಉಳಿಸಲು ಇಷ್ಟು ಓದಿದವರೆಲ್ಲ ಸೇರಿದ್ದಾರೆಂದು ಗಂಗಾಂಬಿಕಾಗೆ ಯಾರೂ ಹೇಳಿರಲಿಲ್ಲ. ದಾರಿ ಹೋಯಿತು, ತನ್ನ ಕೈಯಿಂದಲೇ ಹೋಯಿತು.

ಅಷ್ಟರಲ್ಲಿ ಮೊಣಕಾಲುದ್ದ ಬೂಟು ಹಾಕಿದ ಗ್ರಾಂಟಿನ ಅಮೆರಿಕನ್ ಮೇಡಂ ಮೈಥಿಲಿಯ ಜೊತೆ ಬಂದಳು. ರಂಗೋಲಿ ತುಳಿಯದಂತೆ ಸುತ್ತುಹಾಕಿ ದಂಡೆಗೆ ಇಳಿದು, ಬೋಳು ಮಣ್ಣನ್ನು ಮುಟ್ಟಿದಳು. ಮುಟ್ಟಿದ್ದಕ್ಕೇ ಒಂದು ಹೆಂಟೆ ಜಾರಿ ಹಳ್ಳಕ್ಕೆ ಬಿತ್ತು. ಇಷ್ಟು ಹಾಳಾದ ದಂಡೆಯನ್ನು ತಾನು ಇತ್ತೀಚೆಗೆ ಎಲ್ಲೂ ನೋಡಿಲ್ಲ, ನಿಮ್ಮ ಅರ್ಜಿಯಲ್ಲಿ ಇದನ್ನು ಬಹಳ ಕಡಿಮೆ ಮಾಡಿ ಬರೆದಿದ್ದೀರಿ ಎಂದಳು. ಮೈಥಿಲಿಯ ಮುಖದಲ್ಲಿ ದುಃಖವಿತ್ತು. ಆದರೆ ಕಣ್ಣಲ್ಲಿ ದೀಪಾವಳಿ.

ಇದನ್ನು ಯಾರು ಮಾಡಿದರು ಎಂದು ಮೇಡಂ ಕೇಳಿದಳು. ಅಷ್ಟು ಇಂಗ್ಲಿಷು ಗಂಗಾಂಬಿಕಾಗೂ ತಿಳಿಯಿತು. ಅವಳು ಮುಂದೆ ಬಂದು ಎದೆ ಮುಟ್ಟಿಕೊಂಡಳು. “ನಾನ ಮಾಡೇನ್ರೀ. ಇವ್ರದೇನೂ ತಪ್ಪಿಲ್ಲ. ದಾರಿ ಒಂದ ಮುಚ್ಚಬ್ಯಾಡ್ರಿ.”

ಮೇಡಂ ಮೈಥಿಲಿಯತ್ತ ತಿರುಗಿದಳು. ಮೈಥಿಲಿ ಒಂದು ಕ್ಷಣವೂ ತಡೆಯದೆ ಇಂಗ್ಲಿಷಿಗೆ ಇಳಿಸಿದಳು: ಈ ದಂಡೆಯ ಜೊತೆ ನಮ್ಮ ಸಮುದಾಯದ ಹಿರಿಯರದು ಆಳವಾದ ಸಂಬಂಧ, ವಾರಾಂತ್ಯವಿಡೀ ಅವರು ಸ್ವಂತ ಕೈಯಿಂದ ಇಲ್ಲಿ ದುಡಿದಿದ್ದಾರೆ. ಮೇಡಂ ಗಂಗಾಂಬಿಕಾಳ ಒರಟು ಅಂಗೈ ಹಿಡಿದು ಕಣ್ಣು ಒದ್ದೆ ಮಾಡಿಕೊಂಡಳು. ಅರ್ಜಿಯ ಖಾಲಿ ಜಾಗ ತುಂಬಿತು.

ಗ್ರಾಂಟ್ ಸಿಕ್ಕಿತು. ಕಲ್ಮೇಶನಿಗೆ ಕನ್ನಡ ಸಂಘದಲ್ಲಿ ಶಾಲು ಹೊದಿಸಿದರು. ಮೈಥಿಲಿ, ಅರ್ಜಿ ಬರೆಯುವುದು ಹೇಗೆ ಎಂದು ದೂರದ ನಾರ್‌ಕ್ರಾಸ್ ಊರಿನವರೆಗೂ ಹೋಗಿ ಭಾಷಣ ಮಾಡಿ ಬಂದಳು. ಕುಸಿದ ದಂಡೆಗೆ ನಾರಿನ ಚಾಪೆ ಹೊದಿಸಿದರು, ಸಸಿ ನೆಟ್ಟರು. ಕಾಡಿಗೆ ಬೇಕಾದ ಸಾಮಾನು ಲಾರಿಯಲ್ಲಿ ಬಂತು: ಕೊಳೆತ ಎಲೆ, ಹುಳ ಹತ್ತಿದ ಕೊರಡು. ಹೆಲ್ಮೆಟ್ಟಿನ ಗಂಡಸರು ಒಂದೊಂದು ಕೊರಡನ್ನೂ ಮದುಮಗಳನ್ನು ಇಳಿಸಿದಂತೆ ಇಳಿಸಿದರು. ಕವಲೊಡೆದ ಒಂದನ್ನು ಕಂಡು ಶಾಂತಾಬಾಯಿ ಹೆಬ್ಬೆರಳು ಹಿಂದೆ ಎಳೆದುಕೊಂಡಳು.

“ಗಂಗವ್ವಾ, ಇದು ನಂದೇ ನೋಡ್!”

“ಸುಮ್ಕಿರ. ಈಗ ಅದು ದೊಡ್ಡ ಮನಷ್ಯಾ ಆಗೇತಿ.”

ಆದರೆ ಕೊನೆಯಲ್ಲಿ ಬೇಲಿ ಬಂತು. ಸಸಿ ಬೇರೂರುವ ತನಕ ಯಾರೂ ಒಳಗೆ ಕಾಲಿಡಬಾರದು. ಸಸಿಗಳನ್ನು ದಿನಾ ನೋಡಿಕೊಳ್ಳುವ ಸ್ವಯಂಸೇವಕರ ಹೊರತು. ದಾರಿ ಉಳಿಸಲು ಬಂದ ಗ್ರಾಂಟೇ ದಾರಿಗೆ ಬೀಗ ಹಾಕಿತ್ತು. ಕಮಿಟಿ ಸೇರಿತು. ದಿನಾ ಬರುವವರು ಯಾರು? ಕಲ್ಮೇಶನಿಗೆ ಆಫೀಸು, ಮೈಥಿಲಿಗೆ ಮುಂದಿನ ಅರ್ಜಿ, ಉಳಿದವರಿಗೆ ಕ್ರಿಕೆಟ್ಟು. ಎಲ್ಲರೂ ಚಹಾ ಕಪ್ಪಿನೊಳಗೆ ನೋಡಿದರು.

“ನಾ ಹೊಕ್ಕೀನಿ,” ಎಂದಳು ಗಂಗಾಂಬಿಕಾ, ಟ್ರೇ ಹಿಡಿದುಕೊಂಡೇ. “ಬಸವ್ವ, ಶಾಂತಾಬಾಯೀನೂ ಬರ್ತಾರ.”

“ಆಂಟಿ, ಆದ್ರೆ ಒಂದು ಕಂಡೀಷನ್...”

“ಗೊತ್ತೈತಿ ಬಿಡವ್ವಾ. ಕಸಬರಿಗಿ ತರೂದಿಲ್ಲ.”

ಈಗ ದಿನಾ ಸಂಜೆ, ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಸರಕಾರಿ ಥರದ ಅಂಗಿ ತೊಟ್ಟು ಮೂವರೂ ಬೇಲಿಯ ಗೇಟು ತೆಗೆದು ಒಳಗೆ ಹೋಗುತ್ತಾರೆ. ಸೊಸೆಯರ ವಿಚಾರ, ಮೊಣಕಾಲಿನ ವಿಚಾರ ಮುಂದುವರಿದಿದೆ. ಮೊನ್ನೆ ದಾರಿಯ ನಟ್ಟನಡುವೆ ಒಂದು ಒಣ ಎಲೆ ಬಿದ್ದಿತ್ತು. ಬಸವ್ವ ಅಭ್ಯಾಸಬಲದಿಂದ ಬಗ್ಗಿದಳು.

ಗಂಗಾಂಬಿಕಾ ಅವಳ ಕೈ ಹಿಡಿದಳು. “ಮುಟ್ಟಬ್ಯಾಡ. ಗ್ರಾಂಟಿನ ಎಲಿ ಐತಿ ಅದು.”